ಬಿಯಾಫ್ರಾ ಎಂಬ ದೇಶ ಇತ್ತೇ? ‘ವಾರ್ ಗರ್ಲ್ಸ್’ ಓದುವವರಿಗೆ ಒಂದಿಷ್ಟು ಹಿನ್ನೆಲೆ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳ ಕೈಯಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇತ್ತು. ಎರಡು ದಿನ ಊಟದ ತಟ್ಟೆಯ ಪಕ್ಕದಲ್ಲೂ ಅದೇ. ಮೂರನೆಯ ದಿನ ತನ್ನ ಶಾಲೆಯ ಅಟ್ಲಾಸ್ ತೆಗೆದು ಆಫ್ರಿಕಾದ ಪುಟದ ಮೇಲೆ ಬೆರಳಾಡಿಸುತ್ತ ಕುಳಿತಳು. “ಮಾಮ, ಬಿಯಾಫ್ರಾ ಎಲ್ಲೂ ಕಾಣುತ್ತಿಲ್ಲ. ಇದು ಲೇಖಕ ಹುಟ್ಟಿಸಿದ ದೇಶವೇ?” ಎಂದು ಕೇಳಿದಳು.

ಹಾರುವ ಯಂತ್ರಮಾನವರು, ಲೋಹದ ಕೈಕಾಲಿನ ಹುಡುಗಿಯರು, ಆಕಾಶದಲ್ಲಿ ತೇಲುವ ಊರುಗಳು ತುಂಬಿರುವ ಪುಸ್ತಕ ಅದು. ಅಂಥದ್ದರಲ್ಲಿ ನಿಜವಾದದ್ದು ಏನಾದರೂ ಇದ್ದರೆ ಅದು ದೇಶದ ಹೆಸರಾಗಿರಲಿಕ್ಕಿಲ್ಲ ಎಂದೇ ಯಾರಿಗೂ ಅನ್ನಿಸುತ್ತದೆ. ಆದರೆ ಬಿಯಾಫ್ರಾ ಇತ್ತು. ಎರಡೂವರೆ ವರ್ಷ ಬದುಕಿತ್ತು. ಅವಳಿಗೆ ಅಂದು ಹೇಳಿದ್ದನ್ನು, ಹೇಳಲು ಮರೆತದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಈ ಬಗೆಯ ಕಾದಂಬರಿಗಳು ಈಗ ನಮ್ಮ ಮನೆಗಳ ಮಕ್ಕಳ ಚೀಲಗಳಲ್ಲೂ ಇವೆ. ಅವುಗಳ ಹಿಂದಿನ ಇತಿಹಾಸ ಗೊತ್ತಿಲ್ಲದ ಹಿರಿಯರು ಪುಟ ತಿರುವಿ, “ಇದೇನು ಬರೀ ಹೊಡೆದಾಟ!” ಎಂದು ಕೆಳಗಿಡುವುದನ್ನೂ ನೋಡಿದ್ದೇನೆ.

ಕತೆ ಏನು?

‘ವಾರ್ ಗರ್ಲ್ಸ್’ 2019ರಲ್ಲಿ ಪ್ರಕಟವಾಯಿತು. ಬರೆದವರು ನೈಜೀರಿಯಾ ಮೂಲದ ಅಮೆರಿಕನ್ ಲೇಖಕ ಟೋಚಿ ಒನ್ಯೆಬುಚಿ. ಕತೆ ನಡೆಯುವುದು 2172ರಲ್ಲಿ. ಹವಾಮಾನ ಕೆಟ್ಟು, ಅಣು ದುರಂತಗಳಾಗಿ, ಭೂಮಿಯ ಬಹುಭಾಗ ವಾಸಕ್ಕೆ ಯೋಗ್ಯವಾಗಿ ಉಳಿದಿಲ್ಲ. ಅದೃಷ್ಟ ಇದ್ದವರು ಬಾಹ್ಯಾಕಾಶದ ವಸಾಹತುಗಳಿಗೆ ಹೋಗಿದ್ದಾರೆ. ಕೆಳಗೆ ಉಳಿದ ನೈಜೀರಿಯಾದಲ್ಲಿ ಸರ್ಕಾರಕ್ಕೂ ಬೇರೆಯಾಗಬಯಸುವ ಬಿಯಾಫ್ರಾಕ್ಕೂ ವರ್ಷಗಟ್ಟಲೆ ಯುದ್ಧ ನಡೆದಿದೆ.

ಒನ್ಯೀ ಮತ್ತು ಇಫಿ ಎಂಬ ಇಬ್ಬರು ಹುಡುಗಿಯರು ಕಾಡಿನೊಳಗಿನ ಗುಪ್ತ ಶಿಬಿರದಲ್ಲಿ ಅಕ್ಕತಂಗಿಯರಂತೆ ಬದುಕುತ್ತಿದ್ದಾರೆ. ಒನ್ಯೀ ಬಾಲ್ಯದಲ್ಲೇ ಸೈನಿಕಳಾಗಿದ್ದವಳು, ಅವಳ ಒಂದು ತೋಳು ಯಂತ್ರದ್ದು. ಇಫಿಗೆ ಓದುವ ಹುಚ್ಚು. ಶಿಬಿರದ ಮೇಲೆ ದಾಳಿಯಾಗಿ ಇಬ್ಬರೂ ಬೇರೆಯಾಗುತ್ತಾರೆ. ತಂಗಿ ಸತ್ತಳೆಂದು ತಿಳಿದ ಅಕ್ಕ ಮತ್ತೆ ಯುದ್ಧಕ್ಕೆ ಇಳಿಯುತ್ತಾಳೆ. ತಂಗಿ ಬೆಳೆಯುವುದು ಎದುರು ಪಾಳಯದಲ್ಲಿ. ಇಫಿಯ ಹುಟ್ಟಿನ ಬಗ್ಗೆ ಒಂದು ಗುಟ್ಟಿದೆ, ಅದನ್ನು ಪುಸ್ತಕಕ್ಕೇ ಬಿಡುತ್ತೇನೆ. 2020ರಲ್ಲಿ ‘ರೆಬೆಲ್ ಸಿಸ್ಟರ್ಸ್’ ಎಂಬ ಎರಡನೆಯ ಭಾಗ ಬಂತು. ಅಲ್ಲಿ ಯುದ್ಧ ಮುಗಿದು ಐದು ವರ್ಷ ಕಳೆದಿದೆ.

ಡಿಸ್ಟೋಪಿಯಾ ಅಂದರೆ ಭವಿಷ್ಯವಾಣಿಯೇ?

ಇಂಥ ಪುಸ್ತಕಗಳನ್ನು ‘ಯಂಗ್ ಅಡಲ್ಟ್ ಡಿಸ್ಟೋಪಿಯಾ’ ಎನ್ನುತ್ತಾರೆ. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಒಂದು ಕಾಲ್ಪನಿಕ ದ್ವೀಪದ ಬಗ್ಗೆ ಬರೆದು ಅದಕ್ಕೆ ‘ಯುಟೋಪಿಯಾ’ ಎಂದು ಹೆಸರಿಟ್ಟ. ನಾವು ಮಾತಿಗೆ ರಾಮರಾಜ್ಯ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಆ ಅರ್ಥದಲ್ಲಿ ಆ ಪದ ಉಳಿದುಕೊಂಡಿತು. ಅದನ್ನು ತಲೆಕೆಳಗು ಮಾಡಿದರೆ ಡಿಸ್ಟೋಪಿಯಾ, ಅಂದರೆ ಎಲ್ಲವೂ ಕೆಟ್ಟಿರುವ ಸಮಾಜ. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಬಗ್ಗೆ ಮಾತನಾಡುತ್ತ, ಸರ್ಕಾರದವರನ್ನು ಹಂಗಿಸಲು ಈ ಪದ ಬಳಸಿದ್ದರು. ಅಂದರೆ ಅವರ ಬಾಯಲ್ಲಿ ಅದು ಕತೆಯ ಪದವಾಗಿರುವುದಕ್ಕಿಂತ ಹೆಚ್ಚಾಗಿ ಜಗಳದ ಪದ.

ದೆವ್ವದ ಕತೆಯಲ್ಲಿ ಕೆಡುಕು ಹೊರಗಿನಿಂದ ಬರುತ್ತದೆ. ಡಿಸ್ಟೋಪಿಯಾದಲ್ಲಿ ಅದು ಮನುಷ್ಯರು ಮಾಡಿದ ವ್ಯವಸ್ಥೆಯಿಂದಲೇ ಬರುತ್ತದೆ: ಕಾನೂನು, ಗಡಿ, ಪಡಿತರ, ಗುರುತಿನ ಚೀಟಿ. ‘ಯಂಗ್ ಅಡಲ್ಟ್’ ಎಂಬುದು ಪ್ರಕಾಶಕರ ವಿಂಗಡಣೆ. ಸುಮಾರು 12ರಿಂದ 18ರ ವಯಸ್ಸಿನ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದಷ್ಟೇ ಅದರ ಅರ್ಥ. ಕತೆಯ ನಾಯಕರೂ ಸಾಮಾನ್ಯವಾಗಿ ಅದೇ ವಯಸ್ಸಿನವರು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. 2172 ಎಂದು ಬರೆದಿದ್ದರೆ ಮುಂದೆ ಹೀಗಾಗುತ್ತದೆ ಎಂದು ಲೇಖಕ ಹೇಳುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಯುಗಾದಿಯ ದಿನ ಪಂಚಾಂಗ ಓದಿ ಮಳೆ ಎಷ್ಟು, ಬೆಳೆ ಎಷ್ಟು ಎಂದು ಹೇಳುವ ಕೆಲಸ ಈ ಕಾದಂಬರಿಗಳದ್ದಲ್ಲ. ‘ವಾರ್ ಗರ್ಲ್ಸ್’ ಮಾಡುವುದು ಬೇರೆಯೇ ಒಂದು ಕೆಲಸ: ಯಾರಿಗೋ ಎಂದೋ ಆಗಿಹೋದದ್ದನ್ನು ಎತ್ತಿ ತಂದು ಓದುಗರ ನಾಳೆಯಲ್ಲಿ ಇಡುತ್ತದೆ. ಆಯುಧಗಳು ಹೊಸವು, ಯುದ್ಧ ಹಳೆಯದು. ಹಾಗಾಗಿ ಯಾವುದು ಕಲ್ಪನೆ, ಯಾವುದು ನಡೆದದ್ದು ಎಂದು ಬಿಡಿಸಿ ನೋಡುವುದೇ ಈ ಪುಸ್ತಕಕ್ಕೆ ಒಳದಾರಿ.

1967ರಲ್ಲಿ ಆದದ್ದು

ನೈಜೀರಿಯಾ 1960ರ ಅಕ್ಟೋಬರ್ 1ರಂದು ಬ್ರಿಟನ್ನಿನಿಂದ ಸ್ವತಂತ್ರವಾಯಿತು. ಬ್ರಿಟಿಷರು ಆಡಳಿತದ ಅನುಕೂಲಕ್ಕೆ ಒಂದುಗೂಡಿಸಿದ್ದ ನಾಡು ಅದು. ಉತ್ತರದಲ್ಲಿ ಹೆಚ್ಚಾಗಿ ಮುಸ್ಲಿಮರಾದ ಹೌಸಾ ಮತ್ತು ಫುಲಾನಿ ಜನ, ನೈರುತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಹೆಚ್ಚಾಗಿ ಕ್ರೈಸ್ತರಾದ ಇಗ್ಬೊ. ಇವರಲ್ಲದೆ ನೂರಾರು ಸಣ್ಣ ಸಮುದಾಯಗಳು. ಶಾಲೆ ಕಲಿತ ಇಗ್ಬೊ ಜನ ರೈಲ್ವೆ, ಅಂಚೆ, ವ್ಯಾಪಾರ ಎಂದು ಉತ್ತರದ ಪಟ್ಟಣಗಳಲ್ಲಿ ನೆಲೆಸಿದ್ದರು.

1966ರ ಜನವರಿಯಲ್ಲಿ ಕೆಲವು ಯುವ ಸೇನಾಧಿಕಾರಿಗಳು ಸರ್ಕಾರವನ್ನು ಉರುಳಿಸಲು ಹೊರಟರು. ಅವರಲ್ಲಿ ಹೆಚ್ಚಿನವರು ಇಗ್ಬೊ, ಕೊಲೆಯಾದ ಪ್ರಮುಖರಲ್ಲಿ ಹೆಚ್ಚಿನವರು ಬೇರೆ ಸಮುದಾಯದವರು. ಜುಲೈನಲ್ಲಿ ಉತ್ತರದ ಅಧಿಕಾರಿಗಳು ತಿರುಗಿ ಹೊಡೆದರು. ಆ ವರ್ಷ ಉತ್ತರದ ಊರುಗಳಲ್ಲಿ ಸಾವಿರಾರು ಇಗ್ಬೊಗಳ ಕೊಲೆ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಬಂಡೆದ್ದ ಅಧಿಕಾರಿಗಳ ಲೆಕ್ಕವನ್ನು ಅಂಗಡಿಯವರೂ ಗುಮಾಸ್ತರೂ ತೀರಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ರೈಲು, ಲಾರಿ ಹತ್ತಿ ಪೂರ್ವಕ್ಕೆ ಓಡಿಬಂದರು.

1967ರ ಜನವರಿಯಲ್ಲಿ ಘಾನಾ ದೇಶದ ಅಬುರಿಯಲ್ಲಿ ಸಂಧಾನ ನಡೆಯಿತು. ಒಪ್ಪಂದದ ಅರ್ಥವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಮಾಡಿಕೊಂಡರು. ಮೇ 27ರಂದು ಸೇನಾ ಸರ್ಕಾರದ ಮುಖ್ಯಸ್ಥ ಯಾಕುಬು ಗೊವೊನ್ ದೇಶವನ್ನು 12 ರಾಜ್ಯಗಳಾಗಿ ಒಡೆದರು. ಇದರಿಂದ ತೈಲದ ಪ್ರದೇಶಗಳು ಬಹುಮಟ್ಟಿಗೆ ಇಗ್ಬೊ ನಾಡಿನಿಂದ ಬೇರೆಯಾದವು. ಮೂರೇ ದಿನಕ್ಕೆ, ಮೇ 30ರಂದು, ಪೂರ್ವ ಪ್ರಾಂತದ ಸೇನಾ ಗವರ್ನರ್ ಒಡುಮೆಗ್ವು ಒಜುಕ್ವು ‘ಬಿಯಾಫ್ರಾ ಗಣರಾಜ್ಯ’ ಘೋಷಿಸಿದರು. ಕೆಂಪು, ಕಪ್ಪು, ಹಸಿರು ಪಟ್ಟಿಗಳ ನಡುವೆ ಅರ್ಧ ಮೂಡಿದ ಹಳದಿ ಸೂರ್ಯ, ಅದು ಅವರ ಬಾವುಟ. ಜುಲೈ 6ಕ್ಕೆ ಯುದ್ಧ ಶುರುವಾಯಿತು.

ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ, ಶೀತಲ ಸಮರದ ಆ ಕಾಲದಲ್ಲಿ ಒಂದೇ ಕಡೆ ನಿಂತದ್ದು ವಿಚಿತ್ರವಾದರೂ ನಿಜ: ಇಬ್ಬರೂ ನೈಜೀರಿಯಾ ಸರ್ಕಾರಕ್ಕೆ ಆಯುಧ ಕೊಟ್ಟರು. ಫ್ರಾನ್ಸ್ ಸದ್ದಿಲ್ಲದೆ ಬಿಯಾಫ್ರಾದ ಕೈಹಿಡಿಯಿತು. ಆದರೆ ಹೊಸ ದೇಶಕ್ಕೆ ಮಾನ್ಯತೆ ಕೊಟ್ಟದ್ದು ಟಾಂಜಾನಿಯಾ, ಜಾಂಬಿಯಾ, ಐವರಿ ಕೋಸ್ಟ್, ಗಬಾನ್ ಮತ್ತು ಹೈಟಿ ಮಾತ್ರ.

ಕಾದಂಬರಿಯಲ್ಲಿ ಗುಜರಿಯಿಂದ ಯುದ್ಧಯಂತ್ರ ಕಟ್ಟಿಕೊಳ್ಳುವ ಹುಡುಗಿಯರನ್ನು ಓದುವಾಗ, ನಿಜವಾದ ಬಿಯಾಫ್ರಾದವರು ಹೊರಗಿನ ಸರಬರಾಜು ನಿಂತಾಗ ಸ್ವಂತವಾಗಿ ತೈಲ ಶುದ್ಧೀಕರಿಸಿದ್ದು, ‘ಒಗ್ಬುನಿಗ್ವೆ’ ಎಂಬ ಬಾಂಬುಗಳನ್ನು ತಾವೇ ತಯಾರಿಸಿದ್ದು ನೆನಪಾಗುತ್ತದೆ. 1969ರಲ್ಲಿ ಸ್ವೀಡನ್ನಿನ ಕೌಂಟ್ ಕಾರ್ಲ್ ಗುಸ್ತಾಫ್ ಫಾನ್ ರೋಸೆನ್ ಪುಟಾಣಿ ವಿಮಾನಗಳಿಗೆ ರಾಕೆಟ್ ಕಟ್ಟಿಸಿ ಬಿಯಾಫ್ರಾದ ಪರವಾಗಿ ದಾಳಿ ನಡೆಸಿದರು. ಆ ವಿಮಾನಗಳಿಗೆ ‘ಬಿಯಾಫ್ರಾ ಬೇಬಿ’ಗಳೆಂದು ಅಡ್ಡಹೆಸರು. ಇದನ್ನು ಕಾದಂಬರಿಯಲ್ಲಿ ಹಾಗೆಯೇ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಹಸಿವು ಹೇಗೆ ಆಯುಧವಾಯಿತು?

ಈ ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗುಂಡಲ್ಲ, ಹಸಿವು ಮತ್ತು ಅದರ ಬೆನ್ನಿಗೆ ಬಂದ ಕಾಯಿಲೆಗಳು.

ನೈಜೀರಿಯಾ ಮಾಡಿದ್ದು ದಿಗ್ಬಂಧನ. ಸಮುದ್ರ, ರಸ್ತೆ, ಆಕಾಶ ಎಲ್ಲ ಕಡೆಯಿಂದ ಸರಬರಾಜು ತಡೆಯುವುದು. ಮುತ್ತಿಗೆ ಹಾಕಿದ ಕೋಟೆಯೊಳಗೆ ದವಸ ಮುಗಿಯುವವರೆಗೆ ಕಾಯುವ ಹಳೆಯ ತಂತ್ರವೇ ಇದು. ಇಲ್ಲಿ ಕೋಟೆಯ ಬದಲು ಲಕ್ಷಾಂತರ ಜನರಿರುವ ಒಂದು ನಾಡು ಇತ್ತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಂದರು ಕೈತಪ್ಪಿದ ಮೇಲೆ ಬಿಯಾಫ್ರಾಕ್ಕೆ ಸಮುದ್ರದ ದಾರಿ ಮುಚ್ಚಿಹೋಯಿತು.

ಆ ನಾಡಿನಲ್ಲಿ ಗೆಣಸು, ಕಸಾವ ಎಂಬ ಗೆಡ್ಡೆಗಳು ಬೆಳೆಯುತ್ತಿದ್ದವು. ಹೊಟ್ಟೆ ತುಂಬಿಸಲು ಅವು ಸಾಕು, ಮೈ ಬೆಳೆಯಲು ಸಾಲವು. ಪ್ರೋಟೀನಿಗೆ ಅವರು ಉತ್ತರದಿಂದ ಬರುವ ದನದ ಮಾಂಸವನ್ನೂ ನಾರ್ವೆಯಿಂದ ಬರುವ ಒಣಮೀನನ್ನೂ ನಂಬಿದ್ದರು. ಇಗ್ಬೊ ಭಾಷೆಯಲ್ಲಿ ಆ ಮೀನಿಗೆ ‘ಒಕ್ಪೊರೊಕೊ’ ಎನ್ನುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಅದು ಪಾತ್ರೆಯಲ್ಲಿ ಸದ್ದು ಮಾಡುವುದರಿಂದ ಆ ಹೆಸರು ಬಂತಂತೆ. ಎರಡೂ ನಿಂತಾಗ ಮಕ್ಕಳಿಗೆ ಕ್ವಾಶಿಯೋರ್ಕರ್ ಹಿಡಿಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ಗುಡಾಣ, ಕೂದಲು ಕೆಂಚು. ಹೊಟ್ಟೆ ಉಬ್ಬಿರುವುದರಿಂದ ಮಗು ಉಂಡಿದೆಯೇನೋ ಅನ್ನಿಸುತ್ತದೆ, ಆದರೆ ಪ್ರೋಟೀನ್ ಕೊರತೆಯಾದಾಗ ರಕ್ತದ ನೀರಿನಂಶ ರಕ್ತನಾಳದಿಂದ ಸೋರಿ ಮೈಯಲ್ಲಿ ನಿಲ್ಲುವುದರಿಂದ ಬರುವ ಬಾವು ಅದು. ಹೆಸರು ಘಾನಾದ ಗಾ ಭಾಷೆಯದು: ಹೊಸ ಕೂಸು ಹುಟ್ಟಿದಾಗ ಎದೆಹಾಲು ತಪ್ಪಿದ ಹಿಂದಿನ ಮಗುವಿಗೆ ಬರುವ ಕಾಯಿಲೆ ಎಂಬ ಅರ್ಥದ್ದು.

ಈ ಮಕ್ಕಳ ಚಿತ್ರಗಳು 1968ರಲ್ಲಿ ಯುರೋಪಿನ ಪತ್ರಿಕೆಗಳಲ್ಲೂ ಟಿವಿಯಲ್ಲೂ ಬಂದವು. ಆಮೇಲೆ ಉಲಿ ಎಂಬಲ್ಲಿ ಹೆದ್ದಾರಿಯ ಒಂದು ತುಂಡನ್ನು ಅಗಲ ಮಾಡಿ ರನ್‌ವೇ ಮಾಡಿಕೊಂಡು, ರಾತ್ರಿಯ ಕತ್ತಲಲ್ಲಿ ಚರ್ಚುಗಳ ಒಕ್ಕೂಟ ಮತ್ತು ರೆಡ್‌ಕ್ರಾಸ್ ವಿಮಾನಗಳು ಆಹಾರ ಇಳಿಸತೊಡಗಿದವು. ಬಾಂಬು ಬೀಳುವ ಭಯಕ್ಕೆ ನೆಲದ ದೀಪಗಳನ್ನು ಕೆಲವೇ ಕ್ಷಣ ಹಚ್ಚಿ ಆರಿಸುತ್ತಿದ್ದರು. ಇಳಿಸಿದ ಮೂಟೆಗಳಲ್ಲಿ ಅದೇ ನಾರ್ವೆಯ ಒಣಮೀನೂ ಇತ್ತು. ಸಾವಿರಾರು ಮಕ್ಕಳನ್ನು ಗಬಾನ್ ಮತ್ತು ಐವರಿ ಕೋಸ್ಟಿಗೆ ಸಾಗಿಸಿದರು. ಬಿಯಾಫ್ರಾದಲ್ಲಿ ಕೆಲಸ ಮಾಡಿದ ಫ್ರೆಂಚ್ ವೈದ್ಯರಲ್ಲಿ ಕೆಲವರು 1971ರಲ್ಲಿ ಪತ್ರಕರ್ತರೊಂದಿಗೆ ಸೇರಿ ಕಟ್ಟಿದ ಸಂಸ್ಥೆಯೇ ‘ಗಡಿಗಳಿಲ್ಲದ ವೈದ್ಯರು’.

ಓಡಿಬಂದವರೆಲ್ಲ ನಿರಾಶ್ರಿತರೇ?

ಮಾತಿನಲ್ಲಿ ಹೌದು, ಕಾನೂನಿನಲ್ಲಿ ಅಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರು ಗಂಜಿ ಕೇಂದ್ರಗಳಿಗೆ ಬಂದರು. ಅವರು ಕಳೆದುಕೊಂಡದ್ದು ಮನೆಯನ್ನು, ದೇಶವನ್ನಲ್ಲ. ಪಡಿತರ ಚೀಟಿ, ಮತದಾನದ ಹಕ್ಕು ಹಾಗೆಯೇ ಇದ್ದವು. ಇಂಥವರಿಗೆ ‘ಆಂತರಿಕವಾಗಿ ಸ್ಥಳಾಂತರಗೊಂಡವರು’ ಎನ್ನುತ್ತಾರೆ. ಕಾರಣ ಮಳೆಯಾಗಿರಲಿ, ಯುದ್ಧವಾಗಿರಲಿ, ಗಡಿ ದಾಟಿರಬಾರದು. ಅದೇ ಜಿಲ್ಲೆಯ ಅಂಚಿನಾಚೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿನವರು ಗಡಿ ದಾಟಿ ಬಂದವರು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳ ಕಾಲವೂ ಬಂದಿದೆ, ಆದರೂ ಬಹುಮಂದಿಯ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ.

1951ರ ವಿಶ್ವಸಂಸ್ಥೆಯ ಒಡಂಬಡಿಕೆ (ಭಾರತ ಇದಕ್ಕೆ ಸಹಿ ಹಾಕಿಲ್ಲ) ನಿರಾಶ್ರಿತರಿಗೆ ಕೊಡುವ ವ್ಯಾಖ್ಯೆ ಬಿಗಿಯಾದದ್ದು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳದ ಭಯ ಇರಬೇಕು, ತನ್ನ ದೇಶದ ಹೊರಗಿರಬೇಕು. ಊರಿನ ಮೇಲೆ ಬಾಂಬು ಬೀಳುತ್ತಿದೆ ಎಂಬ ಕಾರಣವೊಂದೇ ಸಾಲದು, ಅದು ಆ ಪಟ್ಟಿಯಲ್ಲಿಲ್ಲ. ಆಫ್ರಿಕಾದ ದೇಶಗಳು ತಮ್ಮದೇ ಒಡಂಬಡಿಕೆ ಮಾಡಿಕೊಂಡು ಯುದ್ಧ, ಆಕ್ರಮಣಗಳಿಂದ ಓಡಿಬಂದವರನ್ನೂ ಸೇರಿಸಿಕೊಂಡದ್ದು 1969ರ ಸೆಪ್ಟೆಂಬರಿನಲ್ಲಿ. ಆಗ ಬಿಯಾಫ್ರಾ ಇನ್ನೂ ಹೊತ್ತಿ ಉರಿಯುತ್ತಿತ್ತು.

ಈಗ 1966ರಲ್ಲಿ ಉತ್ತರದ ಕಾನೋ ಪಟ್ಟಣದಿಂದ ಪೂರ್ವದ ಎನುಗುವಿಗೆ ಓಡಿಬಂದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಬಂದಾಗ ಅವರು ಸ್ವದೇಶದಲ್ಲೇ ಸ್ಥಳಾಂತರಗೊಂಡವರು. ಮರುವರ್ಷ ಮೇ 30ರ ನಂತರ ಟಾಂಜಾನಿಯಾದ ಲೆಕ್ಕದಲ್ಲಿ ಬೇರೊಂದು ದೇಶದ ಪ್ರಜೆಗಳಾಗುವ ಹಾದಿಯಲ್ಲಿ, ನೈಜೀರಿಯಾದ ಆಗಿನ ರಾಜಧಾನಿ ಲಾಗೋಸ್‌ನ ಲೆಕ್ಕದಲ್ಲಿ ಬಂಡುಕೋರರ ನಡುವಿನ ನೈಜೀರಿಯನ್ನರು. ಅವರು ಒಂದು ಹೆಜ್ಜೆಯನ್ನೂ ಎತ್ತಿಡಬೇಕಾಗಿಲ್ಲ, ನಕ್ಷೆ ಬದಲಾದರೆ ಸಾಕು. ಇಫಿಯ ಪಾತ್ರ ಇಡೀ ಕಾದಂಬರಿಯಲ್ಲಿ ಈ ಗೆರೆಯ ಮೇಲೆಯೇ ನಡೆಯುತ್ತದೆ. ನನಗೆ ಯಂತ್ರಗಳ ಕಾದಾಟಕ್ಕಿಂತ ಹೆಚ್ಚು ತಟ್ಟಿದ್ದು ಆ ಭಾಗಗಳೇ.

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 12.3 ಕೋಟಿಗೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ದೇಶದ ಗಡಿಯೊಳಗೇ ಇದ್ದಾರೆ.

ಮಕ್ಕಳ ಕೈಯಲ್ಲಿ ಬಂದೂಕು

ಇದು ಲೇಖಕನ ಅತಿರೇಕ ಎನ್ನುವವರಿದ್ದಾರೆ. 1990ರ ದಶಕದ ಸಿಯೆರಾ ಲಿಯೋನ್, ಲೈಬೀರಿಯಾ ಯುದ್ಧಗಳಲ್ಲಿ ಸಾವಿರಾರು ಮಕ್ಕಳನ್ನು ಹಿಡಿದೊಯ್ದು ಹೋರಾಟಕ್ಕೆ ಇಳಿಸಿದ್ದರು, ಹುಡುಗಿಯರೂ ಅವರಲ್ಲಿದ್ದರು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಯುದ್ಧಕ್ಕೆ ಕನಿಷ್ಠ ವಯಸ್ಸನ್ನು 15 ಎಂದಿತ್ತು. 2000ದಲ್ಲಿ ಸೇರಿಸಿದ ಪೂರಕ ಒಪ್ಪಂದ ನೇರ ಕಾದಾಟಕ್ಕೆ ಅದನ್ನು 18ಕ್ಕೆ ಏರಿಸಿತು. ಒನ್ಯೀಯ ಲೋಹದ ತೋಳು ಕಲ್ಪನೆ, ಅವಳ ವಯಸ್ಸು ಅಲ್ಲ.

ಆಕಾಶದ ವಸಾಹತು ಮತ್ತು ಸ್ವೀಡನ್ನಿನ ಮಕ್ಕಳು

ಎರಡನೆಯ ಪುಸ್ತಕದಲ್ಲಿ ಇಫಿ ಬಾಹ್ಯಾಕಾಶದ ವಸಾಹತಿನಲ್ಲಿ ಹೆಸರು ಮಾಡಿದ ವೈದ್ಯಕೀಯ ಅಧಿಕಾರಿ. ತನ್ನಂತೆಯೇ ಬಂದ ನಿರಾಶ್ರಿತರ ಆರೈಕೆ ಅವಳ ಕೆಲಸ. ಅಲ್ಲಿನ ನಿರಾಶ್ರಿತ ಮಕ್ಕಳು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಎಚ್ಚರವಾಗದೆ ಮಲಗತೊಡಗುತ್ತಾರೆ. ಕಾರಣ ಹುಡುಕುತ್ತ ಅವಳು ಬಿಟ್ಟುಬಂದ ನೆಲಕ್ಕೆ ಮರಳಬೇಕಾಗುತ್ತದೆ.

ಇದಕ್ಕೆ ಬಹಳ ಹತ್ತಿರದ ಸಂಗತಿಯೊಂದು ಸ್ವೀಡನ್ನಿನಲ್ಲಿ ದಾಖಲಾಗಿದೆ. 2003ರಿಂದ 2005ರ ನಡುವೆ ಅಲ್ಲಿ ಆಶ್ರಯ ಕೇಳಿ ಬಂದ ಕುಟುಂಬಗಳ 400ಕ್ಕೂ ಹೆಚ್ಚು ಮಕ್ಕಳು ಒಂದೊಂದಾಗಿ ಮಾತು ಬಿಟ್ಟರು, ಊಟ ಬಿಟ್ಟರು, ಕಣ್ಣು ಮುಚ್ಚಿ ಮಲಗಿಬಿಟ್ಟರು. ಮೂಗಿನ ನಳಿಕೆಯಿಂದ ಆಹಾರ ಕೊಟ್ಟು ತಿಂಗಳುಗಟ್ಟಲೆ ಉಳಿಸಿಕೊಳ್ಳಬೇಕಾಯಿತು. ಹೆಚ್ಚಿನವರು ಹಿಂದಿನ ಸೋವಿಯತ್ ಮತ್ತು ಯುಗೊಸ್ಲಾವಿಯಾ ನಾಡುಗಳಿಂದ ಬಂದವರು. ದೇಶ ಬಿಟ್ಟು ಹೋಗಬೇಕೆಂಬ ಆದೇಶ ಮನೆಗೆ ಬಂದ ಆಸುಪಾಸಿನಲ್ಲಿ ಮಲಗಿದವರೇ ಬಹಳ. 2014ರಲ್ಲಿ ಸ್ವೀಡನ್ನಿನ ಆರೋಗ್ಯ ಮಂಡಳಿ ಇದನ್ನು ಒಂದು ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ಅದರ ಹೆಸರನ್ನು ಕನ್ನಡದಲ್ಲಿ ‘ಕೈಚೆಲ್ಲಿದ ಸ್ಥಿತಿ’ ಎನ್ನಬಹುದೇನೋ.

ಅಲ್ಲಿನ ಹಲವು ವೈದ್ಯರು ಕಂಡಂತೆ ಇದಕ್ಕೆ ಔಷಧಿಗಿಂತ ಕೆಲಸ ಮಾಡಿದ್ದು ಕುಟುಂಬಕ್ಕೆ ಸಿಕ್ಕ ಶಾಶ್ವತ ವಾಸದ ಅನುಮತಿ. ಮಗುವಿಗೆ ಅದನ್ನು ಓದಿ ಹೇಳಿದರೆ ತಕ್ಷಣ ಎದ್ದು ಕೂರುತ್ತದೆ ಎಂದಲ್ಲ. ಮನೆಯವರ ದನಿಯಲ್ಲಿ ಭಯ ಹೋದದ್ದು ಅದಕ್ಕೆ ತಿಳಿಯಲು ವಾರಗಳು, ತಿಂಗಳುಗಳು ಬೇಕಾಗುತ್ತಿದ್ದವು. ಇದರ ಬಗ್ಗೆ ಜಗಳವೂ ಇದೆ. ಕೆಲವು ಮಕ್ಕಳಿಗೆ ಹಾಗೆ ನಟಿಸುವಂತೆ ಮನೆಯವರೇ ಒತ್ತಾಯಿಸಿದ್ದರು ಎಂಬ ವರದಿಗಳು 2019ರಲ್ಲಿ ಸ್ವೀಡನ್ನಿನ ಪತ್ರಿಕೆಯಲ್ಲಿ ಬಂದವು. ಎಲ್ಲ ಪ್ರಕರಣಗಳೂ ಹಾಗೆಯೇ ಎಂದು ಅದರಿಂದ ಹೇಳಲಾಗದು, ಯಾವುದೂ ಹಾಗಲ್ಲ ಎಂದೂ ಹೇಳಲಾಗದು.

ಮರೆಯಿರಿ ಎಂದ ಸರ್ಕಾರ

1970ರ ಜನವರಿ 15ರಂದು ಬಿಯಾಫ್ರಾ ಶರಣಾಯಿತು. ಗೊವೊನ್ “ಗೆದ್ದವರೂ ಇಲ್ಲ, ಸೋತವರೂ ಇಲ್ಲ” ಎಂದು ಸಾರಿದರು. ಸೋತ ಕಡೆಯವರನ್ನು ಸಾಲಾಗಿ ನಿಲ್ಲಿಸಿ ಕೊಲ್ಲಲಿಲ್ಲ. ಯುದ್ಧಾಪರಾಧದ ವಿಚಾರಣೆಗಳೂ ನಡೆಯಲಿಲ್ಲ. ಅಂದಿನ ಭಯಗಳ ಮುಂದೆ ಇದು ಸಣ್ಣ ಸಂಗತಿಯಲ್ಲ. ಜೊತೆಗೆ ಇನ್ನೊಂದು ನಿಯಮವೂ ಬಂತು: ಬಿಯಾಫ್ರಾದವರ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಹಣ ಇದ್ದಿರಲಿ, ಕೈಗೆ ಕೊಡುವುದು 20 ಪೌಂಡ್. ಜೀವಮಾನದ ಉಳಿತಾಯ ಇಟ್ಟ ವ್ಯಾಪಾರಿಗೂ ಅಷ್ಟೇ.

ಸತ್ತವರ ಲೆಕ್ಕ ಮಾತ್ರ ಯಾರೂ ಕೂತು ಬರೆಯಲಿಲ್ಲ. ಹತ್ತು ಲಕ್ಷ, ಮೂವತ್ತು ಲಕ್ಷ ಎಂದು ಇಷ್ಟು ಅಂತರ ಉಳಿದಿರುವುದಕ್ಕೆ ಅದೂ ಒಂದು ಕಾರಣ. ‘ರೆಬೆಲ್ ಸಿಸ್ಟರ್ಸ್’ನಲ್ಲಿ ಉಜೊ ಎಂಬ ಕೃತಕ ಹುಡುಗಿ, ಒಡೆದುಬಿದ್ದ ಯಂತ್ರಮಾನವರ ತಲೆಯೊಳಗಿನ ಯುದ್ಧದ ನೆನಪುಗಳನ್ನು ಹೆಕ್ಕಿ ಕೂಡಿಡುವವರ ಜೊತೆ ಕೆಲಸ ಮಾಡುತ್ತಾಳೆ. ಸರ್ಕಾರ ಯುದ್ಧದ ಗುರುತೇ ಇಲ್ಲದಂತೆ ಅಳಿಸುತ್ತ ಬರುತ್ತದೆ. ಚಿನುವಾ ಅಚಿಬೆ, ಕನ್ನಡಕ್ಕೂ ಬಂದಿರುವ ಕಾದಂಬರಿಕಾರ, ಯುದ್ಧಕಾಲದಲ್ಲಿ ಬಿಯಾಫ್ರಾದ ಪರವಾಗಿ ದೇಶದೇಶ ಸುತ್ತಿದವರು. ಅವರು ಆ ದಿನಗಳ ಬಗ್ಗೆ ಪೂರ್ತಿ ನೆನಪುಗಳ ಪುಸ್ತಕ ತಂದದ್ದು 2012ರಲ್ಲಿ, ಯುದ್ಧ ಮುಗಿದು 42 ವರ್ಷಗಳಾದ ಮೇಲೆ.

ಅಕ್ಕನ ಮಗಳಿಗೆ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅವಳಿಗೆ ಪುಸ್ತಕದ ಕಡೆಗೆ ಮನಸ್ಸು ಹೊರಳಿತ್ತು. ಆದರೂ ಅಟ್ಟದಿಂದ ಅವಳ ಅಜ್ಜನ ಕಾಲದ ಅಟ್ಲಾಸ್ ಇಳಿಸಿ ತಂದೆ. ಗೆದ್ದಲು ತಿಂದ ಅಂಚಿನ ಆಫ್ರಿಕಾ. ನೈಜೀರಿಯಾ ಮತ್ತು ಕ್ಯಾಮರೂನ್ ಕೂಡುವ ಮೂಲೆಯಲ್ಲಿ, ನೆಲದ ಮೇಲೆ ಅಲ್ಲ, ನೀಲಿ ನೀರಿನ ಮೇಲೆ ಸಣ್ಣ ಓರೆ ಅಕ್ಷರಗಳಲ್ಲಿ ‘ಬಿಯಾಫ್ರಾ ಕೊಲ್ಲಿ’ ಎಂದಿತ್ತು. ಹೊಸ ದೇಶ ತನ್ನ ಹೆಸರನ್ನು ತೆಗೆದುಕೊಂಡದ್ದು ಈ ಕೊಲ್ಲಿಯಿಂದ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ನೈಜೀರಿಯಾ ಸರ್ಕಾರ ಕೊಲ್ಲಿಯ ಹೆಸರನ್ನೂ ಬದಲಿಸಿತು. ಅವಳ ಅಟ್ಲಾಸ್ ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ಅದೇ ಜಾಗದಲ್ಲಿ ‘ಬೋನಿ ಕೊಲ್ಲಿ’ ಎಂದು ಅಚ್ಚಾಗಿತ್ತು.